ಊದುಬತ್ತಿ ಹಿಡಿದು ಗಾಳಿ ನೋಡಿದ್ದು

ನನ್ನ ಕಂಪ್ಯೂಟರನ್ನು ನಾನೇ ಜೋಡಿಸಿದ್ದು. ಈ ಮಾತನ್ನು ಕೇಳದವರಿಗೂ ಹೇಳಿದ್ದೇನೆ, ಹಾಲು ಹಾಕುವವರಿಗೂ ಹೇಳಿದ್ದೇನೆ. ನಮ್ಮ ಮನೆಯಲ್ಲಿ ಏಳನೇ ಕ್ಲಾಸು ದಾಟಿದವಳು ನಾನೊಬ್ಬಳೇ. ಅಪ್ಪ ಉತ್ತರಹಳ್ಳಿಯಲ್ಲಿ ಲಗೇಜ್ ಆಟೋ ಓಡಿಸುತ್ತಿದ್ದ, ಅಮ್ಮ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ನಾನು ಡಿಪ್ಲೊಮಾ ಮುಗಿಸಿ, ಹಗಲು ಕೆಲಸ ಮಾಡಿ, ಸಂಜೆ ಕಾಲೇಜಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದೆ. ಒಂದು ಪೇಪರಿನಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದೆ. ಇಷ್ಟೆಲ್ಲ ಆದ ಮೇಲೂ ಯಾರಾದರೂ ನನಗೆ ಕಲಿಸಲು ಬಂದರೆ ಮೈ ಉರಿಯುತ್ತದೆ.

ಬನಶಂಕರಿಯಲ್ಲಿ ಒಂದು ಬೇಕರಿಯ ಮೇಲಿನ ಕೋಣೆಯನ್ನು ನಾನೂ ಇನ್ನೊಬ್ಬಳೂ ಸೇರಿ ಬಾಡಿಗೆಗೆ ಹಿಡಿದಿದ್ದೆವು. ಇಬ್ಬರದೂ ಒಂದೇ ಕಸುಬು. ಇನ್ನೂ ಪಾಯ ತೋಡದ ಮನೆ ಕಟ್ಟಿ ಮುಗಿದ ಮೇಲೆ ಹೇಗೆ ಕಾಣುತ್ತದೆ ಎಂದು ಬಿಲ್ಡರುಗಳಿಗೆ ಚಿತ್ರ, ವಿಡಿಯೋ ಮಾಡಿಕೊಡುವುದು. ಗಿರಾಕಿಗಳು ಬೇರೆ, ಕೋಣೆ ಒಂದು.

ಅವಳು ಜಯನಗರದವಳು. ಅವಳ ತಾತನ ಕಾಲಕ್ಕೇ ಆ ಮನೆಯಲ್ಲಿ ಇಂಜಿನಿಯರುಗಳಿದ್ದರು. “ತಾತ ರೇಡಿಯೋ ಬಿಚ್ಚೋರು, ಮುಚ್ಚೋದು ನಾನು” ಅಂತ ಒಮ್ಮೆ ಹೇಳಿದ್ದಳು, ಇವತ್ತು ಕಾಫಿ ಚೆನ್ನಾಗಿದೆ ಅನ್ನುವಷ್ಟೇ ಸಲೀಸಾಗಿ. ಅವಳೂ ತನ್ನ ಕಂಪ್ಯೂಟರನ್ನು ತಾನೇ ಜೋಡಿಸಿಕೊಂಡಿದ್ದಳು. ಆದರೆ ಯಾರಿಗೂ ಹೇಳಿಕೊಳ್ಳುತ್ತಿರಲಿಲ್ಲ. ನನಗೆ ಸಹಿಸಲಾಗದಿದ್ದದ್ದು ಅದೇ.

ಅವಳ ಯಂತ್ರ ಸದ್ದೇ ಮಾಡುತ್ತಿರಲಿಲ್ಲ. ನನ್ನದು ಹಿಟ್ಟಿನ ಗಿರಣಿ. ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಇಬ್ಬರದಕ್ಕೂ ನೀರಿನ ಕೂಲಿಂಗ್: ಪ್ರೊಸೆಸರಿನ ಬಿಸಿಯನ್ನು ಕೊಳವೆಯ ನೀರು ಮೇಲಿನ ರೇಡಿಯೇಟರಿಗೆ ಹೊತ್ತು ತರುತ್ತದೆ, ಫ್ಯಾನುಗಳು ಅದರ ಮೂಲಕ ಗಾಳಿ ಹಾಯಿಸಿ ಆರಿಸುತ್ತವೆ. ನನ್ನದು ಬಿಸಿಯಾದಾಗಲೆಲ್ಲ ಒಂದೊಂದು ಫ್ಯಾನ್ ಹೆಚ್ಚಿಸುತ್ತಾ ಹೋದೆ. ಅವಳದಕ್ಕೆ ಆರಿದ್ದರೆ ನನ್ನದಕ್ಕೆ ಎಂಟಾಯಿತು. ಬಿಸಿ ತೋರಿಸುವ ಮೀಟರ್ ಮಾತ್ರ ಇಳಿಯಲಿಲ್ಲ.

“ಏನೇ, ನಿಂದು ಟೇಕಾಫ್ ಆಗ್ತಿದೆ” ಅಂತ ಅವಳು ನಗುವಳು.

“ದೊಡ್ಡ ಕೆಲಸ ನಡೀತಿದೆ ಕಣೇ, ಅದಕ್ಕೆ” ಅನ್ನುತ್ತಿದ್ದೆ.

ಕೆಲಸವೇನೋ ನಿಜಕ್ಕೂ ದೊಡ್ಡದೇ ಇತ್ತು. ಅರೆಕೆರೆಯಲ್ಲಿ ಒಂದು ಅಪಾರ್ಟ್‌ಮೆಂಟು. ಗೇಟಿನಿಂದ ಟೆರೇಸಿನವರೆಗೆ ನಡೆದು ಹೋದಂತೆ ವಿಡಿಯೋ ಬೇಕಿತ್ತು. ಅಂಥದ್ದು ನನಗೆ ಸಿಕ್ಕಿದ್ದು ಅದೇ ಮೊದಲು. ಆದರೆ ನನ್ನ ಯಂತ್ರ ಅರ್ಧ ದಾರಿಗೆ ಬಂದು, ಬಿಸಿ ತಡೆಯದೆ ತಾನೇ ಆಫ್ ಆಗುತ್ತಿತ್ತು. ಮೂರು ಸಲ ಹಾಗಾಯಿತು. ಬುಧವಾರ ಬೆಳಿಗ್ಗೆ ಬಿಲ್ಡರ್ ಫೋನ್ ಮಾಡಿದರು.

“ಮೇಡಂ, ಶುಕ್ರವಾರ ನಮ್ಮ ಪಾರ್ಟಿ ಬರ್ತಾರೆ. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ. ನಿಮ್ಮ ರೂಮಲ್ಲೇ ಇನ್ನೊಬ್ರು ಮೇಡಂ ಇದಾರಂತಲ್ಲ, ಅವ್ರನ್ನ ಕೇಳ್ಕೊತೀನಿ.”

“ಆಗತ್ತೆ ಸಾರ್” ಅಂದೆ. ಆ ‘ಇನ್ನೊಬ್ರು ಮೇಡಂ’ ಆಚೆ ಮೇಜಿನಲ್ಲಿ ಕಾಲು ಮಡಚಿ ಕೂತು, ಬೇಕರಿಯ ದಿಲ್‌ಪಸಂದ್ ತಿನ್ನುತ್ತಿದ್ದಳು. ಒಂದು ಮಾತು ಕೇಳಿದ್ದರೆ ಎದ್ದು ಬಂದು ನೋಡುತ್ತಿದ್ದಳು. ಅದು ನನಗೆ ಗೊತ್ತಿತ್ತು. ಕೇಳುವುದಕ್ಕಿಂತ ಯಂತ್ರ ಸುಟ್ಟೇ ಹೋಗಲಿ ಅನ್ನಿಸಿತು.

ಮಧ್ಯಾಹ್ನ ಅವಳು ಊಟಕ್ಕೆ ಇಳಿದು ಹೋದಳು. ಅವಳ ಯಂತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ನನ್ನ ಮೇಜಿನ ಮೇಲೊಂದು ಪುಟ್ಟ ಶಿವನ ಪಟ, ಡ್ರಾಯರಿನಲ್ಲಿ ಊದುಬತ್ತಿ ಸದಾ ಇರುತ್ತವೆ. ಒಂದು ಕಡ್ಡಿ ಹಚ್ಚಿಕೊಂಡು ಅವಳ ಮೇಜಿನ ಬಳಿ ಹೋಗಿ ಮಂಡಿಯೂರಿದೆ. ಕಣ್ಣಿಗೆ ಕಾಣದ ಗಾಳಿಯನ್ನು ಹೊಗೆಯಾದರೂ ತೋರಿಸಬೇಕಲ್ಲ.

ಮುಂದೆ ಹಿಡಿದೆ, ಹೊಗೆ ಸರ್ರನೆ ಒಳಗೆ ಹೋಯಿತು. ಹಿಂದೆ ಹಿಡಿದರೆ ಹೊರಗೆ ತಳ್ಳಿತು. ಮೇಲೆ, ರೇಡಿಯೇಟರಿನ ಹತ್ತಿರ ಹಿಡಿದೆ. ಹೊಗೆ ಸೂರಿನ ಕಡೆಗೆ ನೆಟ್ಟಗೆ ಎದ್ದಿತು. ಮುಂದಿನಿಂದ ಬಂದದ್ದು ಹಿಂದಕ್ಕೂ ಮೇಲಕ್ಕೂ ಹೋಗಿಬಿಡುತ್ತಿತ್ತು. ಇಷ್ಟೇನಾ ಅನ್ನಿಸಿತು.

ಇನ್ನೊಮ್ಮೆ ನೋಡಿಬಿಡೋಣ ಎಂದು ಕಡ್ಡಿಯನ್ನು ಸುತ್ತಲೂ ಆಡಿಸುತ್ತಿದ್ದೆ.

“ಏನ್ ಮಾಡ್ತಿದ್ದೀಯೇ?”

ಬಾಗಿಲಲ್ಲಿ ಅವಳು. ಪರ್ಸು ಮರೆತು ವಾಪಸ್ಸು ಬಂದಿದ್ದಳು.

“ದೃಷ್ಟಿ ತೆಗೀತಿದ್ದೀಯಾ? ಅಯ್ಯೋ, ನನ್ನ ಕಂಪ್ಯೂಟರ್‌ಗಾ?” ಮುಖ ಅರಳಿಸಿಕೊಂಡು ಹತ್ತಿರ ಬಂದಳು. “ಚೆನ್ನಾಗಿ ತೆಗಿ ಕಣೇ. ಯಾರ ಕಣ್ಣು ಬಿದ್ದಿದೆಯೋ ಏನೋ.”

ಆ ಕಣ್ಣುಗಳು ಅವಳ ಎದುರಿಗೇ ಇದ್ದವು, ಹೊಗೆಗೆ ನೀರು ಸುರಿಸುತ್ತಾ.

“ಆಯ್ತು, ತೆಗೆದಾಯ್ತು” ಅಂದು ಎದ್ದೆ.

“ನಿಂದಕ್ಕೂ ತೆಗಿ. ಪಾಪ, ಮೂರು ಸಲ ಆಫ್ ಆಯ್ತಲ್ಲ.” ಲೆಕ್ಕ ಇಟ್ಟಿದ್ದಳು. ಕೈಯಿಂದ ಕಡ್ಡಿ ಕಿತ್ತುಕೊಂಡು ತಾನೇ ನನ್ನ ಯಂತ್ರಕ್ಕೆ ಬೆಳಗತೊಡಗಿದಳು. ಮುಂದೆ ಹಿಡಿದಳು, ಹೊಗೆ ಒಳಗೆ ಹೋಯಿತು. ಹಿಂದೆಯೂ ಒಳಗೆ. ಮೇಲೆ ಹಿಡಿದರೆ ಅಲ್ಲೂ ರೇಡಿಯೇಟರಿನ ಮೂಲಕ ಒಳಗೆ. ಅವಳ ಕೈ ನಿಂತಿತು.

“ಲೇ, ಎಲ್ಲಾ ಒಳಗೇ ಹೋಗ್ತಿದೆ. ಹೊರಗೆ ಬರೋಕೆ ದಾರೀನೇ ಇಟ್ಟಿಲ್ವಲ್ಲೇ!”

ಎಂಟು ಫ್ಯಾನೂ ಒಳಮುಖ. ರೇಡಿಯೇಟರಿನ ಬಿಸಿಯನ್ನೂ ನಾನೇ ಒಳಗೆ ಊದಿಸುತ್ತಿದ್ದೆ. ಹೊಗೆ ಎಲ್ಲೋ ಸಂದಿಯಲ್ಲಿ ಚೂರುಚೂರೇ ತೂರಿ ಬರುತ್ತಿತ್ತು. ನಾನು ಬೆಳೆದದ್ದು ಒಂದೇ ಕಿಟಕಿಯ ಶೀಟಿನ ಮನೆಯಲ್ಲಿ. ಗಾಳಿ ಒಳಗೆ ಬಂದರೆ ಸಾಕು ಎಂದು ಕಾದವರು ನಾವು, ಅದು ಹೊರಗೆ ಹೋಗುವ ಬಗ್ಗೆ ಯಾರು ಯೋಚಿಸುತ್ತಾರೆ? ಆದರೆ ಅದು ನೆಪ ಅಷ್ಟೇ. ನಾನು ಬರೆದ ಒಂದೊಂದು ಅಡುಗೆಮನೆಯಲ್ಲೂ ಹೊಗೆ ಎಳೆಯುವ ಫ್ಯಾನಿಗೆ ಗೋಡೆಯಲ್ಲಿ ತೂತು ಬಿಟ್ಟಿದ್ದೇನೆ.

ಅವಳು ಸ್ಕ್ರೂಡ್ರೈವರ್ ತಂದಳು. “ಕೊಡು, ನಾನೇ ಮಾಡ್ಕೊತೀನಿ” ಅಂತ ಕಸಿದುಕೊಂಡೆ.

“ಸರಿ ಮಹಾರಾಣಿ. ಲೈಟಾದ್ರೂ ಹಿಡೀಲಾ?”

ಹಿಡಿ ಅಂದೆ. ಊಟ ಬಿಟ್ಟು ಮೊಬೈಲ್ ಲೈಟ್ ಹಿಡಿದು ನಿಂತಳು. ಫ್ಯಾನಿನ ಒಂದು ಮುಖ ಬಯಲು, ಇನ್ನೊಂದಕ್ಕೆ ಅಡ್ಡಪಟ್ಟಿ. ಗಾಳಿ ಹೊರಡುವುದು ಪಟ್ಟಿಯ ಕಡೆಯಿಂದ. ಹಿಂದಿನದನ್ನೂ ಮೇಲಿನ ಮೂರನ್ನೂ ಬಿಚ್ಚಿ ತಿರುಗಿಸಿ ಕೂರಿಸಿದೆ. ಹೆಚ್ಚಿಗೆ ಹಾಕಿದ್ದ ಎರಡನ್ನು ತೆಗೆದೇ ಬಿಟ್ಟೆ. ಆನ್ ಮಾಡಿದಾಗ ಕೆಳಗಿನ ಬೇಕರಿಯಲ್ಲಿ ಬನ್ನಿನ ತಟ್ಟೆ ಎಳೆಯುವ ಸದ್ದು ಮೊದಲ ಸಲ ಮೇಲಕ್ಕೆ ಕೇಳಿಸಿತು.

ಶುಕ್ರವಾರ ವಿಡಿಯೋ ಕೊಟ್ಟೆ. ಅರೆಕೆರೆಯ ಕೆಲಸ ನನ್ನಲ್ಲೇ ಉಳಿಯಿತು. “ನೋಡ್ದ್ಯಾ, ದೃಷ್ಟಿ ತೆಗೆದಿದ್ದು ಕೆಲ್ಸ ಮಾಡ್ತು” ಅಂದಳು. ಅವಳ ಖುಷಿಯಲ್ಲಿ ಚೂರೂ ಕಲಬೆರಕೆ ಇರಲಿಲ್ಲ. ಕಿತ್ತುಕೊಳ್ಳಬಹುದಾಗಿದ್ದ ಕೆಲಸ ಅದು ಅನ್ನುವುದು ಅವಳ ತಲೆಗೇ ಬಂದಿರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು. ಇಷ್ಟು ದಿನ ಈ ಪಂದ್ಯದಲ್ಲಿ ನಾನೊಬ್ಬಳೇ ಓಡುತ್ತಿದ್ದೆ.

ಈಗ ಪ್ರತಿ ಆಯುಧಪೂಜೆಗೆ ಅವಳ ಯಂತ್ರದ ದೃಷ್ಟಿ ನಾನೇ ತೆಗೆಯಬೇಕು. “ನಿನ್ನ ಕೈಗುಣ ಚೆನ್ನಾಗಿದೆ ಕಣೇ” ಅನ್ನುತ್ತಾಳೆ. ಅವತ್ತು ಮಾಡುತ್ತಿದ್ದದ್ದು ಬೇರೆ ಎಂದು ನಾನು ಹೇಳಿಲ್ಲ. ಮೂರು ಸುತ್ತು ಕಡ್ಡಿ ಆಡಿಸುತ್ತೇನೆ. ಹೊಗೆ ಮುಂದಿನಿಂದ ಹೋಗಿ ಹಿಂದೆ ಬರುತ್ತದೆ. ಅವಳ ಹೊಸ ಫ್ಯಾನುಗಳು ಯಾವುವು, ಎಷ್ಟಿವೆ, ಎಲ್ಲಿ ಕೂತಿವೆ ಎಂದು ನಾನು ನೋಡಿಕೊಳ್ಳುತ್ತೇನೆ.