ದಾರ ಕಡಿದ ದಿನ

ನೆಲೋಗಿಯ ನಮ್ಮ ಮನೆಯಲ್ಲಿ ಹಳೆ ಸೀರೆಗಳ ಕೌದಿ ಹೊಲಿಯಲು ಕೂತ ಹೆಂಗಸರು ಕತ್ತರಿ ಮುಟ್ಟುವುದಿಲ್ಲ, ದಾರವನ್ನು ಹಲ್ಲಿನಿಂದಲೇ ಕಡಿಯುತ್ತಾರೆ. ನನ್ನ ಕೆಳದವಡೆ ಮುಂದಕ್ಕೆ ಚಾಚಿಕೊಂಡು, ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗುತ್ತಲೇ ಇರಲಿಲ್ಲ. ಹಾಗಾಗಿ ನನ್ನ ದಾರವನ್ನೂ ಅಪ್ಪನ ತಾಯಿ, ನಮ್ಮ ಆಯಿ, ಕಡಿದುಕೊಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಲಬುರಗಿಯ ಡಾಕ್ಟರು ಮೊದಲು ಹಲ್ಲಿಗೆ ತಂತಿ ಹಾಕಿ ಸಾಲು ಸರಿಮಾಡಿದರು. ಆಮೇಲೆ ಬಾಯೊಳಗಿಂದಲೇ ದವಡೆಯ ಮೂಳೆಯನ್ನು ಎರಡೂ ಕಡೆ ಸೀಳಿ, ಹಿಂದಕ್ಕೆ ಸರಿಸಿ, ಸಣ್ಣ ಪ್ಲೇಟು, ಸ್ಕ್ರೂ ಹಾಕಿ ಬಿಗಿದರು. ವಾರಗಟ್ಟಲೆ ಬರೀ ಅಂಬಲಿ ಕುಡಿದೆ. ಊತ ಇಳಿದ ಮೇಲೆ ಬಂದವರೆಲ್ಲ "ಚಂದ ಕಾಣ್ತಿ ಬೇ" ಅಂದರು. ಚಂದ ಯಾರಿಗೆ ಬೇಕಿತ್ತು?

ಗಟ್ಟಿ ಪದಾರ್ಥ ತಿನ್ನಬಹುದು ಎಂದು ಡಾಕ್ಟರು ಹೇಳಿದ ಮರುದಿನವೇ ಕೌದಿಯ ಮುಂದೆ ಕೂತೆ. ಒಂದು ಸಾಲು ಹೊಲಿದು ಮುಗಿಸಿದಾಗ ಆಯಿ ರೂಢಿಯಂತೆ ನನ್ನ ದಾರಕ್ಕೆ ಕೈ ಚಾಚಿದಳು.

"ಬ್ಯಾಡ ಆಯಿ, ನಂದು ನಾನೇ ಕಡೀತೇನಿ."

ಹಲ್ಲಿಗೆ ಹಲ್ಲು ಕೂಡಿತು. ದಾರ ಟಕ್ಕೆಂದು ತುಂಡಾಯಿತು. ಸುತ್ತ ಕೂತವರು ಸೂಜಿ ನಿಲ್ಲಿಸಿ "ಶಾಬ್ಬಾಸ್!" ಅಂದರು.

ಆಯಿ ತನ್ನ ದಾರವನ್ನು ತಂದು ನನ್ನ ಬಾಯಿಗೇ ಹಿಡಿದಳು.

"ಇನ್ನ ನಂದೂ ನೀನೇ ಕಡಿ ಬೇ. ನನ್ನ ಹಲ್ಲು ಅಲಗಾಡಾಕತ್ತಿ ಭಾಳ ದಿನ ಆತು."