ಮಾವನವರ ರಿವಾಲ್ವರ್ ಒರೆಸುತ್ತಿದ್ದವರು

೧೯೯೮ನೆಯ ಇಸವಿ, ನನಗೆ ಆಗ ಇಪ್ಪತ್ತೇಳು ವರ್ಷ. ಮದುವೆಯಾದ ಮೊದಲ ದಸರೆ. ಮೊನ್ನೆ ಬೈಲಹೊಂಗಲದ ನಮ್ಮ ಮನೆಯಲ್ಲಿ ಹೆಂಡತಿ ತನ್ನ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಳು. ಆ ವಾಸನೆ ನನ್ನನ್ನು ಎಳೆದುಕೊಂಡು ಹೋಗಿ ಕೂರಿಸಿದ್ದು ನೇರವಾಗಿ ಆ ವರ್ಷದ ಮಹಾನವಮಿಯ ಹಿಂದಿನ ಮಧ್ಯಾಹ್ನದಲ್ಲಿ. ತೆಳ್ಳನೆಯ, ಬಣ್ಣವಿಲ್ಲದ ಎಣ್ಣೆ. ಅದಕ್ಕೆ ತಣ್ಣನೆಯ ಕಬ್ಬಿಣದ ವಾಸನೆ ಬೆರೆತರೆ… ನನಗೆ ಇಂದಿಗೂ ಹಳೆಯದೊಂದು ಭಾವನೆ ಮರಳಿ ಬರುತ್ತದೆ. ಅದಕ್ಕೆ ಸರಿಯಾದ ಶಬ್ದ ಹೊಟ್ಟೆಕಿಚ್ಚು. ಬೇರೆ ಶಬ್ದವನ್ನು ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ.

ಮಾವನವರ ಊರು ರಾಮದುರ್ಗ ತಾಲೂಕಿನ ಸಾಲಹಳ್ಳಿ. ಅವರ ಬಳಿ ಲೈಸೆನ್ಸು ಪಡೆದ ಒಂದು ಚಿಕ್ಕ ರಿವಾಲ್ವರ್ ಇತ್ತು. ಅವರ ತಂದೆಯ ಕಾಲದಿಂದ ಬಂದದ್ದು. ಅದನ್ನು ಅವರು ಯಾರ ಮೇಲಾದರೂ ಎತ್ತಿದ್ದನ್ನು ನಾನು ಕೇಳಿಲ್ಲ. ಮಹಾನವಮಿಯ ದಿನ ಮನೆಯ ಕುಡಗೋಲು, ಕೊಡಲಿ, ಕುಂಟೆ, ನೇಗಿಲುಗಳನ್ನು ಸಾಲಾಗಿ ಇಟ್ಟು ವಿಭೂತಿ ಹಚ್ಚಿ ಪೂಜಿಸುವಾಗ ಅದನ್ನೂ ಒಂದು ಮಣೆಯ ಮೇಲೆ ಇಡುತ್ತಿದ್ದರು. ಪೂಜೆಗೆ ಇಡುವ ವಸ್ತು ಸ್ವಚ್ಛವಾಗಿರಬೇಕಷ್ಟೆ; ಆದ್ದರಿಂದ ಹಿಂದಿನ ದಿನ ಅದನ್ನು ತೆರೆದು, ಒರೆಸಿ, ಎಣ್ಣೆ ಹಚ್ಚುವುದು ಆ ಮನೆಯ ಪದ್ಧತಿ. ಆ ಕೆಲಸ ನಡೆಯುತ್ತಿದ್ದುದು ಪಡಸಾಲೆಯಲ್ಲಿ, ಹಾಸಿದ ಹಳೆಯ ಧೋತರದ ಮೇಲೆ.

ಮಾವನವರಿಗೆ ಗಂಡುಮಕ್ಕಳಿರಲಿಲ್ಲ, ಇಬ್ಬರು ಹೆಣ್ಣುಮಕ್ಕಳು. ಕಿರಿಯವಳು ನನ್ನ ಹೆಂಡತಿ. ಹಿರಿಯವಳ ಗಂಡ, ಅಂದರೆ ನನ್ನ ಷಡ್ಡಕ, ಆ ರಿವಾಲ್ವರನ್ನು ಒರೆಸುತ್ತಿದ್ದರು. ಯರಗಟ್ಟಿಯಲ್ಲಿ ಅವರದು ಬೀಜ-ಗೊಬ್ಬರದ ಅಂಗಡಿ. ವಯಸ್ಸಿನಲ್ಲಿ ನನಗಿಂತ ಹಿರಿಯರು; ಅವರ ಹೆಸರು ಹಿಡಿದು ನಾನು ಎಂದೂ ಕರೆದವನಲ್ಲ, ಇಲ್ಲಿಯೂ ಕರೆಯಲಾರೆ. ಅವರು ಮಾವನವರ ಒಡಹುಟ್ಟಿದ ತಂಗಿಯ ಮಗ; ಆ ಪಡಸಾಲೆಯಲ್ಲಿಯೇ ಅಂಬೆಗಾಲಿಟ್ಟವರು. ಅಂದರೆ ಅವರದು ಎರಡು ದಾರಿಯಿಂದ ಬಂದ ಅಳಿಯತನ, ನನ್ನದು ಒಂದೇ ದಾರಿಯದು. ಈ ಲೆಕ್ಕ ನನಗೆ ಆ ದಿನವೇ ತಿಳಿಯಿತು.

ಮಾವನವರು ಕಪಾಟಿನಿಂದ ರಿವಾಲ್ವರನ್ನು ತಂದು, ಗುಂಡುಗಳನ್ನು ಬೇರೆ ಡಬ್ಬಿಯಲ್ಲಿಯೇ ಬಿಟ್ಟು, ಧೋತರದ ಮೇಲೆ ಇಟ್ಟರು. ನಾನು ಮುಂದೆ ಸರಿದು ಕುಳಿತೆ. ಅವರು ನನ್ನ ಕಡೆಗೆ ನೋಡಿ ಬಹಳ ಮರ್ಯಾದೆಯಿಂದ ಹೇಳಿದರು: "ಮಾಸ್ತರ, ನೀವು ಆರಾಮ ಮ್ಯಾಲೆ ಕುಂದರ್ರಿ. ಅರಿವಿಗಿ ಎಣ್ಣಿ ಹತ್ತೀತು." ನಾನು ಕುರ್ಚಿಯ ಮೇಲೆ ಕುಳಿತೆ. ಷಡ್ಡಕರಿಗೆ ಹೇಳಿದ್ದು ಬೇರೆ: "ಏ, ಬಾರಲೇ, ಹೊತ್ತಾತು. ಮಾರಿ ಏನ ನೋಡತಿ?"

ಆ ಬೈಗುಳ ನನಗೆ ಬೇಕಾಗಿತ್ತು…

ಷಡ್ಡಕರು ಕೆಲಸ ಮಾಡುವ ರೀತಿಯಲ್ಲಿ ಕ್ರಮವೆಂಬುದೇ ಇರಲಿಲ್ಲ. ಸಿಲಿಂಡರಿನ ಮನೆಗಳಲ್ಲಿ ಗುಂಡಿಲ್ಲವೆಂಬುದನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುವುದನ್ನು ಮಾತ್ರ ಅವರು ಎಂದೂ ತಪ್ಪಿಸಲಿಲ್ಲ. ನಳಿಗೆಯನ್ನು ಯಾವಾಗಲೂ ಹೊರಗೋಡೆಯ ಕಡೆಗೇ ಹಿಡಿಯುತ್ತಿದ್ದರು. ಆದರೆ ಆಮೇಲೆ ನಳಿಗೆಗೆ ಬ್ರಷ್ಷು ಹಾಕುವ ಮೊದಲೇ ಹಿಡಿಕೆಯನ್ನು ಒರೆಸುವುದು, ನಡುವೆ ಬ್ರಷ್ಷಿನ ಸಲಾಕೆಯನ್ನು ಕೆಳಗಿಟ್ಟು ಚಹಾ ಕುಡಿಯುವುದು, ಅದೇ ಕೈಯಿಂದ ಶೇಂಗಾ ಹೋಳಿಗೆ ಮುರಿಯುವುದು. ಮಾವನವರು ಎದುರಿಗೆ ಗೋಡೆಗೆ ಒರಗಿ ಕುಳಿತು ಮಾತನಾಡುತ್ತಿದ್ದರು. ಸವದತ್ತಿಯ ಸಂತೆಯಿಂದ ರಾತ್ರಿ ಬರುವಾಗ ತಮ್ಮ ತಂದೆ ಹೆದರಿ ಈ ರಿವಾಲ್ವರನ್ನು ಕುಂಬಳಕಾಯಿಯ ಚೀಲದಲ್ಲಿ ಅಡಗಿಸಿದ್ದು, ಎತ್ತುಗಳು ಮಲಪ್ರಭೆಯ ಕೆಸರಿನಲ್ಲಿ ಹೂತದ್ದು… ವರ್ಷವಿಡೀ ಮಿತಭಾಷಿಯಾಗಿದ್ದ ಆ ಮನುಷ್ಯ ಆ ಒಂದು ಮಧ್ಯಾಹ್ನ ಮಾತ್ರ ಬಾಯಿ ಬಿಡುತ್ತಿದ್ದರು. ಮಾತೆಲ್ಲ ಷಡ್ಡಕರಿಗೆ, ನನ್ನ ಪಾಲಿಗೆ ಬಂದದ್ದು ಕುರ್ಚಿ.

ಮನೆಯಲ್ಲಿ ಎಲ್ಲರೂ ಅದನ್ನು ಪಿಸ್ತೂಲು ಎನ್ನುತ್ತಿದ್ದರು. ಒಮ್ಮೆ ನಾನು ತಿದ್ದಿದೆ: ಗುಂಡು ತುಂಬುವ ಭಾಗ ತಿರುಗುವುದರಿಂದ ಇದಕ್ಕೆ ರಿವಾಲ್ವರ್ ಎಂಬುದೇ ಸರಿಯಾದ ಹೆಸರು. ಷಡ್ಡಕರು ಅರಿವೆಯಿಂದ ನಳಿಗೆಯನ್ನು ಉಜ್ಜುತ್ತಲೇ ಹೇಳಿದರು: "ಅಲ್ರಿ ಮಾಸ್ತರ, ಗುಂಡ ಬಡಿಸಿಕೊಂಡಾಂವ ಇದು ಪಿಸ್ತೂಲೋ ರಿವಾಲ್ವರೋ ಅಂತ ಕೇಳಾಕ ಉಳಿದಿರತಾನೇನು?" ಮಾವನವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಹೇಳಿದ್ದು ಸರಿಯಾಗಿತ್ತು. ಇಂದಿಗೂ ಅದು ಸರಿಯೇ.

ನಾನು ಸುಮ್ಮನೆ ಕೂಡುವವನಲ್ಲ. ಆಗ ನಾನು ಕಿತ್ತೂರಿನ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ನಮ್ಮ ದೈಹಿಕ ಶಿಕ್ಷಕರು ಸೈನ್ಯದಲ್ಲಿದ್ದು ಬಂದವರು. ಅವರಿಂದ ವಿಧಾನವನ್ನು ಪಾಠದಂತೆ ಕಲಿತೆ. ಮೊದಲು ಖಾಲಿಯಿದೆಯೆಂದು ಖಾತ್ರಿ ಮಾಡಿಕೊಳ್ಳಬೇಕು. ನಂತರ ಬ್ರಷ್ಷಿನಿಂದ ನಳಿಗೆ, ಅನಂತರ ಸಿಲಿಂಡರಿನ ಒಂದೊಂದು ಮನೆ, ಬಟ್ಟೆಯ ತುಂಡು ಬೆಳ್ಳಗೆ ಹೊರಬರುವವರೆಗೆ ಒರೆಸುವುದು, ಕೊನೆಗೆ ಎಣ್ಣೆ, ಅದೂ ಬೆರಳಿಗೆ ಅಂಟಿಯೂ ಅಂಟದಷ್ಟು. ಎಣ್ಣೆ ಹೆಚ್ಚಾದರೆ ಧೂಳು ಹಿಡಿಯುತ್ತದೆ, ಕಡಿಮೆಯಾದರೆ ತುಕ್ಕು. ಇದೆಲ್ಲವನ್ನೂ ಮಾವನವರಿಗೆ ಹೇಳಿದೆ. "ಹೌದ್ರಿ ಮಾಸ್ತರ, ಖರೇ ಐತಿ" ಎಂದರು. ಮರುವರ್ಷವೂ ಷಡ್ಡಕರನ್ನೇ ಕರೆದರು.

ಹೀಗೆ ವರ್ಷಗಳು ಹೋದವು. ಒಂದು ದಸರೆಯಲ್ಲಿ ನಾನು ಕಾಯುತ್ತಿದ್ದ ತಪ್ಪು ನಡೆದೇ ಹೋಯಿತು. ಪೂಜೆಯ ವಿಭೂತಿಯನ್ನು ರಿವಾಲ್ವರಿನ ಕಟ್ಟಿಗೆಯ ಹಿಡಿಕೆಗೆ ಒಣದಾಗಿ ಹಚ್ಚುವುದು ಮೊದಲಿನ ರೂಢಿ. ಆ ವರ್ಷ ಷಡ್ಡಕರು ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳಿನಿಂದ ನಳಿಗೆಯ ಮೇಲೆಯೇ ಎಳೆದುಬಿಟ್ಟರು. ಮರುದಿನ ಬನ್ನಿ ಕೊಡುವ ಗದ್ದಲದಲ್ಲಿ ಯಾರೂ ಅದನ್ನು ಒರೆಸಲಿಲ್ಲ. ಹಾಗೆಯೇ ಕಪಾಟಿಗೆ ಹೋಯಿತು. ದೀಪಾವಳಿಗೆ ನಾವೆಲ್ಲ ಮತ್ತೆ ಸೇರಿದಾಗ ಮಾವನವರು ತೆಗೆದು ನೋಡಿದರೆ, ನಳಿಗೆಯ ಕಪ್ಪು ಹೊಳಪಿನ ಮೇಲೆ ಮೂರು ಕೆಂಪು ಗೆರೆಗಳು. ತುಕ್ಕು! ಹಣೆಯ ಮೇಲೆ ಎಳೆದಷ್ಟೇ ನೇರವಾಗಿ.

ನನಗೆ ಆದ ಸಂತೋಷವನ್ನು ನಾನು ಮುಚ್ಚಿಡಲು ಪ್ರಯತ್ನಿಸಿದೆ. ಎಷ್ಟು ಮುಚ್ಚಿತೋ ತಿಳಿಯದು. "ಒದ್ದೆಯ ವಿಭೂತಿ ಉಕ್ಕಿಗೆ ಆಗದು" ಎಂದು ನಿಧಾನವಾಗಿ ವಿವರಿಸಿದೆ. ಷಡ್ಡಕರ ಮುಖ ಸಣ್ಣದಾಯಿತು. ಮಾವನವರು ರಿವಾಲ್ವರನ್ನು ಬೆಳಕಿಗೆ ಹಿಡಿದು ಅತ್ತ ಇತ್ತ ತಿರುಗಿಸಿದರು. ಆಮೇಲೆ ಅವರ ಮೀಸೆ ಅಲುಗಿತು.

"ಇರ್ಲಿ ಬಿಡಲೇ. ಇಷ್ಟ ದಿನಕ್ಕ ಇದೂ ಲಿಂಗವಂತ ಆತು!"

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ನನ್ನ ಹೆಂಡತಿಯೂ ನಕ್ಕಳು. ಪಾತ್ರೆ ತಿಕ್ಕುವಂಥ ನಯವಾದ ಉಕ್ಕಿನ ನಾರಿನಿಂದ ಆ ಗೆರೆಗಳನ್ನು ಅಳಿಸಿಕೊಡುತ್ತೇನೆಂದು ನಾನು ಮುಂದೆ ಬಂದೆ. "ಬ್ಯಾಡ್ರಿ ಮಾಸ್ತರ, ಅದರ ಪಾಡಿಗೆ ಅದು ಇರ್ಲಿ" ಎಂದರು. ಆ ವರ್ಷದಿಂದ ಬಂದವರಿಗೆಲ್ಲ ಅವರು ಆ ಗೆರೆಗಳನ್ನೇ ತೋರಿಸುತ್ತಿದ್ದರು. ಮತ್ತೊಬ್ಬರ ತಪ್ಪಿನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ನಾನು ಪಟ್ಟೆ. ಅಂಥ ತಪ್ಪು ನನ್ನ ಕೈಯಿಂದ ಆಗಿದ್ದರೆ ಮಾವನವರು ಖಂಡಿತವಾಗಿ ಏನನ್ನೂ ಅನ್ನುತ್ತಿರಲಿಲ್ಲ. ಆ ಏನನ್ನೂ ಅನ್ನದಿರುವಿಕೆಯನ್ನು ನಾನು ಬಲ್ಲೆ.

ನನ್ನ ಸರದಿಯೂ ಒಮ್ಮೆ ಬಂತು. ಆ ವರ್ಷ ಷಡ್ಡಕರು ಮಂಡಿಗಾಲಿನ ಶಸ್ತ್ರಚಿಕಿತ್ಸೆಯಾಗಿ ಯರಗಟ್ಟಿಯಲ್ಲಿ ಮಲಗಿದ್ದರು. ಮಾವನವರೇ ಕೇಳಿದರು: "ಮಾಸ್ತರ, ಈ ಸಲ ನೀವು ಒರಸತೀರೇನು?" ನಾನು ಬೇಕಾದ ಪರಿಕರಗಳನ್ನೆಲ್ಲ ಬೈಲಹೊಂಗಲದಿಂದಲೇ ತಂದಿದ್ದೆ. ಒಂದೂ ಹೆಜ್ಜೆ ಹಿಂದುಮುಂದಾಗದಂತೆ ಕೆಲಸ ಮಾಡಿದೆ. ನಳಿಗೆಯೊಳಗೆ ಬೆಳಕು ಸುರುಳಿ ಸುರುಳಿಯಾಗಿ ಹೊಳೆಯಿತು. ಸಿಲಿಂಡರು ಬೆರಳು ತಾಕಿದರೆ ಸಾಕು, ತಿರುಗುತ್ತಿತ್ತು. ಎದುರಿಗೆ ಮಾವನವರು ಬೆನ್ನು ನೇರ ಮಾಡಿಕೊಂಡು ಕುಳಿತಿದ್ದರು. ನಾನು ಸಂತೆಯ ಮಾತು ತೆಗೆದೆ; ಕುಂಬಳಕಾಯಿಯ ಚೀಲದ ಮಾತನ್ನೂ ತೆಗೆದೆ. "ಹೂಂ, ಆಗಿನ ಕಾಲ" ಎಂದಷ್ಟೇ ಹೇಳಿ ಪತ್ರಿಕೆ ಬಿಡಿಸಿದರು. ಅರ್ಧ ಗಂಟೆಯೊಳಗೆ ಎಲ್ಲ ಮುಗಿದುಹೋಯಿತು.

"ಭಾಳ ಛಲೋ ಆತ್ರಿ," ಎಂದು ಕೈಮುಗಿಯುವಂತೆ ಎದ್ದವರು ಹೊರಗಿನ ಕಟ್ಟೆಗೆ ಹೋಗಿ ಯರಗಟ್ಟಿಗೆ ಫೋನು ಹಚ್ಚಿದರು. ಕಿಟಕಿಯಿಂದ ಕೇಳಿಸಿತು: "ಒರಸಿದ್ರಲೇ, ಪರೀಕ್ಷಾ ಬರದಂಗ ಒರಸಿದ್ರು! ನನಗರ ಕೆಮ್ಮಾಕೂ ಅಂಜಿಕಿ ಬಂತು. ಲಗೂನ ಎದ್ದು ಬಾ ಮಾರಾಯಾ." ಆ ಕಡೆಯಿಂದ ಷಡ್ಡಕರು ನಕ್ಕದ್ದು ನನ್ನವರೆಗೂ ಬಂತು.

ಆ ನಗು ೨೦೨೨ರ ಚಳಿಗಾಲದಲ್ಲಿ ನಿಂತಿತು. ಬೆಳಿಗ್ಗೆ ಅಂಗಡಿಯ ಬಾಗಿಲು ಎತ್ತುವಾಗ ಎದೆ ಹಿಡಿದುಕೊಂಡು ಕುಳಿತರಂತೆ, ಅಷ್ಟೇ… ಮಣ್ಣು ಮಾಡಿ ಬಂದ ಸಂಜೆ ಮಾವನವರ ಪಕ್ಕದಲ್ಲಿ ಕುಳಿತವನು ನಾನೇ. ದುಃಖವಾಗಿತ್ತು, ಸುಳ್ಳು ಹೇಳಲಾರೆ. ಆದರೆ ಇನ್ನು ಮುಂದೆ ಆ ಧೋತರದ ಮೇಲೆ ಕೂಡುವವನು ನಾನೊಬ್ಬನೇ ಎಂಬ ಮಾತೂ ಆ ದುಃಖದ ಪಕ್ಕದಲ್ಲಿಯೇ ಬಂದು ಕುಳಿತಿತ್ತು. ಮಾವನವರಿಗೆ ಎಂಬತ್ತು ಸಮೀಪಿಸಿತ್ತು. ಇಷ್ಟು ವಯಸ್ಸಾದವರು ಬಯಸಿದರೆ ಆಯುಧವನ್ನು ಅಳಿಯನ ಹೆಸರಿಗೆ ಕೊಡಿಸಲು ಬರುತ್ತದೆಂದು ನಾನು ಮೊದಲೇ ವಿಚಾರಿಸಿಕೊಂಡಿದ್ದೆ.

ಮುಂದಿನ ಬೇಸಗೆಗೆ ಚುನಾವಣೆ ಬಂತು. ಚುನಾವಣೆಯಿದ್ದಾಗ ಲೈಸೆನ್ಸಿನ ಆಯುಧಗಳನ್ನು ಠಾಣೆಯಲ್ಲಿ ಇಟ್ಟು, ಮುಗಿದ ಮೇಲೆ ಮರಳಿ ತರುವುದು ರೂಢಿ. ಇಟ್ಟು ಬಂದೆವು. ಮರಳಿ ತರಬೇಕಾದ ದಿನ ನಾನೇ ಮಾವನವರನ್ನು ಕರೆದುಕೊಂಡು ಹೋದೆ. ಠಾಣೆಯವರು ರಿವಾಲ್ವರನ್ನು ತಂದು ಮೇಜಿನ ಮೇಲೆ ಇಟ್ಟರು. ನಾನು ಕೈ ಮುಂದೆ ಮಾಡಿದ್ದೆ. ಮಾವನವರು ಅದನ್ನು ಮುಟ್ಟಲಿಲ್ಲ.

"ವಾಪಸ್ ಒಯ್ಯೂದಿಲ್ರಿ ಸಾಹೇಬ್ರ. ಸರಕಾರಕ್ಕ ಇರ್ಲಿ. ಒರಸಾಂವ ಹೋದ."

ಅಧಿಕಾರಿ ನನ್ನ ಕಡೆಗೆ ನೋಡಿದರು. "ಯಾಕ್ರಿ ಯಜಮಾನ್ರ, ಅಳಿಯಾರು ಜೋಡಿಗೇ ಬಂದಾರಲ್ರಿ?"

ಮಾವನವರು ನನ್ನ ಭುಜದ ಮೇಲೆ ಕೈ ಇಟ್ಟರು. ಅಷ್ಟು ವರ್ಷಗಳಲ್ಲಿ ಅದೇ ಮೊದಲು. "ಅವರು ಮಾಸ್ತರು. ಪಾಪ, ಅವರಿಗ್ಯಾಕ ಈ ತ್ರಾಸ?"

ಮುಂದೆ ಮಾಡಿದ್ದ ಕೈಯನ್ನು ಹಿಂದೆಳೆದುಕೊಂಡು ನಾನು ಜೇಬಿನಿಂದ ಪೆನ್ನು ತೆಗೆದೆ. ಸರಕಾರಕ್ಕೆ ಒಪ್ಪಿಸುವ ಅರ್ಜಿಯನ್ನು ಮಾವನವರ ಪರವಾಗಿ ನಾನೇ ಬರೆದೆ, ಒಂದಕ್ಷರವೂ ತಪ್ಪದಂತೆ…

ಈಗ ನಾನು ಸ್ವಯಂ ನಿವೃತ್ತಿ ಪಡೆದು ಮನೆಯಲ್ಲಿದ್ದೇನೆ. ಮಹಾನವಮಿಗೆ ತಪ್ಪದೆ ಸಾಲಹಳ್ಳಿಗೆ ಹೋಗುತ್ತೇನೆ. ಹಿಂದಿನ ಮಧ್ಯಾಹ್ನ ಮಾವನವರು ಊಟವಾದೊಡನೆ ಮಲಗಿಬಿಡುತ್ತಾರೆ. ಷಡ್ಡಕರ ಮಾತು ಕೇಳಿಸೀತೆಂದು ನನ್ನ ಕಿವಿಯೂ ಒಮ್ಮೊಮ್ಮೆ ಬಾಗಿಲ ಕಡೆಗೆ ಹೋಗುತ್ತದೆ. ನನ್ನನ್ನು ಅಷ್ಟು ಸಲೀಸಾಗಿ ಕೆಣಕುತ್ತಿದ್ದವರು ಆ ಮನೆಯಲ್ಲಿ ಅವರೊಬ್ಬರೇ. ಅವರಿಲ್ಲದಿರುವುದು ನನಗೆ ನಷ್ಟವೆಂದು ಒಪ್ಪಿಕೊಳ್ಳುತ್ತೇನೆ. ಹೊಟ್ಟೆಕಿಚ್ಚು ಮಾತ್ರ ಅವರೊಂದಿಗೆ ಹೋಗಲಿಲ್ಲ. ಒಬ್ಬರು ಸತ್ತ ಮೇಲೂ ತಮ್ಮ ಜಾಗವನ್ನು ಇಷ್ಟು ಭದ್ರವಾಗಿ ಹಿಡಿದಿರಬಲ್ಲರೆಂಬುದು ನನಗೆ ಆ ಠಾಣೆಯ ಮೇಜಿನ ಮುಂದೆ ಗೊತ್ತಾಯಿತು. ಅದು ೨೦೨೩ನೆಯ ಇಸವಿ, ಜೂನ್ ೧೨, ಸೋಮವಾರ.