ಹವಾಲ್ದಾರರ ಹನ್ನೆರಡು ನಿಮಿಷ

ತುಕ್ರಪ್ಪ ಹವಾಲ್ದಾರರ ಮೇಲಿನ ಸಾಲಿನ ಎದುರು ಹಲ್ಲು ಎರಡು ಅಲುಗಾಡತೊಡಗಿದ್ದು ಕಳೆದ ಅಕ್ಟೋಬರಿನಲ್ಲಿ. ಹಲ್ಲು ಅವರದ್ದು, ನೆಮ್ಮದಿ ಕಳೆದುಕೊಂಡದ್ದು ನಾವು. ವೇಣೂರು ಪೇಟೆಯಲ್ಲಿರುವ ನನ್ನ ದಿನಸಿ ಅಂಗಡಿಯ ಹಿಂಗೋಡೆಗೆ ತಾಗಿಕೊಂಡೇ ಅವರ ಮನೆ. ಆ ಗೋಡೆಯಾಚೆಯಿಂದ ಬರುವ ಕ್ಲಾರಿನೆಟ್ಟನ್ನು ಮೂವತ್ತು ವರ್ಷಗಳಿಂದ ಕೇಳುತ್ತಾ ಬೇಳೆ ತೂಗಿದ್ದೇನೆ.

ಸೈನ್ಯದಲ್ಲಿದ್ದವರು, ಕ್ಲಾರಿನೆಟ್ ಊದುವವರು ಎಂದರೆ ಮಿಲಿಟರಿ ಬ್ಯಾಂಡಿನವರೆಂದೇ ಎಲ್ಲರೂ ತಿಳಿಯುತ್ತಾರೆ. ಅಲ್ಲ. ಬ್ಯಾಂಡಿಗೆ ಸೇರಿಸಿಕೊಳ್ಳಿ ಎಂದು ಮೂರು ಸಲ ಅರ್ಜಿ ಹಾಕಿದರಂತೆ. ಮೂರು ಸಲವೂ ಅಕ್ಕಿ, ಹಿಟ್ಟು ತೂಗುವ ರೇಷನ್ ವಿಭಾಗದಲ್ಲೇ ಉಳಿಸಿದರಂತೆ. ಜಬಲ್ಪುರದಲ್ಲಿದ್ದಾಗ ಬ್ಯಾಂಡಿನ ಗೆಳೆಯನೊಬ್ಬನಿಗೆ ಒಂದಿಷ್ಟು ಸಕ್ಕರೆ ಕೊಟ್ಟು, ಭಾನುವಾರ ಮಧ್ಯಾಹ್ನಗಳಲ್ಲಿ ಊದಲು ಕಲಿತೆ ಎಂದು ಒಮ್ಮೆ ನನ್ನಲ್ಲಿ ಹೇಳಿದ್ದರು. ಮರುದಿನ ಅಂಗಡಿ ತೆರೆಯುವ ಮೊದಲೇ ಬಂದು ನಿಂತು, ಆ ಸಕ್ಕರೆ ಸರಕಾರದ್ದಲ್ಲ, ತನ್ನ ಪಾಲಿನದ್ದು ಎಂದು ಸ್ಪಷ್ಟಪಡಿಸಿ ಹೋದರು.

ಇಪ್ಪತ್ತು ವರ್ಷ ಸೈನ್ಯ ಮುಗಿಸಿ ಬಂದವರು ಬಿ.ಸಿ.ರೋಡಿನ ಒಂದು ಬ್ಯಾಂಕಿನಲ್ಲಿ ಗಾರ್ಡ್ ಆದರು. ಊಟದ ಹೊತ್ತಿನಲ್ಲಿ ತಾರಸಿಗೆ ಹೋಗಿ ಊದುತ್ತಿದ್ದರು. ಕೆಳಗೆ ಬಸ್ಸುಗಳ ಹಾರ್ನಿನಲ್ಲಿ ಯಾರಿಗೂ ಕೇಳಿಸುವುದಿಲ್ಲ ಎಂಬುದು ಅವರ ಅಂದಾಜು. ಮ್ಯಾನೇಜರರಿಗೆ ಕೇಳಿಸಿತು. ಊರಿನ ಭಜನಾ ಮಂಡಳಿಯಲ್ಲೂ ಕೆಲವು ವಾರ ಕೂತರು. ಕ್ಲಾರಿನೆಟ್ಟಿನ ಎದುರು ಹಾಡುವವರ ಸ್ವರವೇ ಕೇಳುವುದಿಲ್ಲವೆಂದು ಅವರಿಗೆ ತಾಳ ಕೊಟ್ಟರು. ಮದುವೆಗಳಿಗೆ ಈ ಕಡೆ ಸ್ಯಾಕ್ಸೋಫೋನಿನವರೇ ಆಗಬೇಕು. ಊದಿದ್ದಕ್ಕೆ ದುಡ್ಡು ಮುಟ್ಟುವುದಿಲ್ಲವೆಂಬುದು ಹವಾಲ್ದಾರರ ನಿಯಮ. ಆ ನಿಯಮ ಮುರಿಯುವ ಸಂದರ್ಭವನ್ನು ಯಾರೂ ತಂದೊಡ್ಡಿಲ್ಲ. ಹೀಗೆ ಎಪ್ಪತ್ತೆರಡು ವರ್ಷವಾದರೂ ಅವರು ಒಂದು ವೇದಿಕೆಯಲ್ಲಿ ಕೂತು ಒಂದು ರಾಗವನ್ನು ಪೂರ್ತಿ ನುಡಿಸಿದ್ದಿಲ್ಲ. ನುಡಿಸಲೆಂದು ಇಟ್ಟುಕೊಂಡದ್ದು ಮಾತ್ರ ಇತ್ತು, ಹನ್ನೆರಡು ನಿಮಿಷದ ಮೋಹನ. ಬೂಟು ಹಾಕಿಕೊಂಡು ಎಡ ಬಲ ಎಂದು ನಡೆಯುವ ಮೋಹನ ಅದು. ಆದರೂ ಮೋಹನವೇ.

ಹಲ್ಲಿನ ಸುದ್ದಿ ತಂದವರು ಅವರ ಹೆಂಡತಿ ಪ್ರಫುಲ್ಲಕ್ಕ.

“ಮೂಡುಬಿದಿರೆಯ ಡಾಕ್ಟರು ಎರಡನ್ನೂ ತೆಗೀಲೇಬೇಕು ಅಂದಿದ್ದಾರೆ ಸಾಹೇಬ್ರೇ. ವಸಡಿನಲ್ಲಿ ಕೀವಾಗಿ ಎರಡು ಸಲ ಜ್ವರ ಬಂತು. ಇವರು ಮಾತ್ರೆ ನುಂಗಿ ಊದ್ತಾ ಕೂತಿದ್ದಾರೆ. ನಾನು ಹೇಳಿ ಹೇಳಿ ಸಾಕಾಯ್ತು. ನೀವಾದರೂ ಹೇಳಿ.”

ಸಂಜೆ ಹವಾಲ್ದಾರರು ಬಂದು, ವಾಡಿಕೆಯಂತೆ ನನ್ನ ತೊಗರಿಬೇಳೆಯ ಚೀಲಕ್ಕೆ ಕೈ ಹಾಕಿ ಮುಖ ಕಿವುಚಿದಾಗ ಮಾತು ತೆಗೆದೆ.

“ಕಟ್ಟಿಸಿದ ಹಲ್ಲಿನಲ್ಲಿ ಊದಬಹುದಲ್ಲ ಹವಾಲ್ದಾರ್ರೇ?”

“ಕೊಳವೆ ನಿಲ್ಲುವುದೇ ಈ ಎರಡು ಹಲ್ಲಿನ ಮೇಲೆ. ಕಟ್ಟಿಸಿದ ಹಲ್ಲು ಅಂದ್ರೆ ಇನ್ನೊಬ್ಬನ ರೈಫಲಿನ ಹಾಗೆ ಮಾರಾಯ್ರೆ. ಗುಂಡು ಎಲ್ಲಿಗೆ ಹೋಗ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ.”

“ಹಾಗಾದ್ರೆ ಎಷ್ಟು ದಿನ ಹೀಗೆ?”

“ಒಂದು ಸಲ ಸ್ಟೇಜಿನಲ್ಲಿ ಕೂತು ಪೂರ್ತಿ ಊದ್ಬೇಕು. ಮರುದಿನ ಬೇಕಾದ್ರೆ ಮೂವತ್ತೆರಡೂ ಕೀಳ್ಲಿ.”

“ಮೂವತ್ತೆರಡು ಎಲ್ಲುಂಟು ನಿಮ್ಮಲ್ಲಿ?”

“ಹತ್ತೊಂಬತ್ತುಂಟು. ನಿಮ್ಮ ಈ ಬೇಳೆಗೆ ಅಷ್ಟು ಸಾಕು. ಕಲ್ಲು ಮಾತ್ರ ಹೆಕ್ಕಿ ಕೊಡಿ ಸಾಹುಕಾರ್ರೇ.”

ಆ ಒಂದು ಸಲ ಎಲ್ಲಿಂದ ತರುವುದು? ಜನವರಿಯಲ್ಲಿ ನಮ್ಮ ಯುವಕ ಮಂಡಲದ ಬೆಳ್ಳಿಹಬ್ಬ ಇತ್ತು. ಊಟೋಪಚಾರ ಸಮಿತಿಯ ಸಂಚಾಲಕ ನಾನೇ. ದಿನಸಿ ಅಂಗಡಿಯವನಿಗೆ ಈ ಊರಿನಲ್ಲಿ ಬೇರೆ ಸಮಿತಿ ಕೊಡುವುದಿಲ್ಲ. ಕಾರ್ಯದರ್ಶಿ ಲತೇಶನಿಗೆ ವಿಷಯ ಹೇಳಿದೆ.

“ಒಳ್ಳೆ ಹೆಸರೇ ಹೇಳಿದ್ರಿ ಸಮದಣ್ಣ. ಸನ್ಮಾನ ಮಾಡುವ. ಪೇಟ, ಶಾಲು, ಹಣ್ಣಿನ ಬುಟ್ಟಿ.”

“ಬುಟ್ಟಿ ಬೇಡ. ಕಚ್ಚಲಿಕ್ಕೆ ಹಲ್ಲಿಲ್ಲ. ಹನ್ನೆರಡು ನಿಮಿಷ ಕೊಡು, ಅಷ್ಟೇ.”

“ಸನ್ಮಾನವೂ ಮಾಡುವ, ಹನ್ನೆರಡು ನಿಮಿಷವೂ ಕೊಡುವ.”

ಆಗಲೇ ನನಗೆ ತಿಳಿಯಬೇಕಿತ್ತು. ನಮ್ಮ ಕಡೆ ಒಬ್ಬನ ಹಾಡು ಕೇಳುವುದಕ್ಕಿಂತ ಅವನಿಗೆ ಶಾಲು ಹೊದೆಸುವುದು ಸುಲಭ. ಒಬ್ಬರಿಗೆ ಹೊದೆಸಿದರೆ ಸಾಲದು, ಇನ್ನೊಬ್ಬರಿಗೆ ಬೇಸರವಾಗುತ್ತದೆ. ಆಮಂತ್ರಣ ಪತ್ರಿಕೆ ಬಂದಾಗ ಸನ್ಮಾನಿತರು ಏಳು, ಅತಿಥಿಗಳು ಒಂಬತ್ತು. ಹವಾಲ್ದಾರರು ಡಾಕ್ಟರಿಗೆ ಫೋನ್ ಮಾಡಿ ಬೆಳ್ಳಿಹಬ್ಬದ ಮರುದಿನ, ಸೋಮವಾರಕ್ಕೆ, ಹೆಸರು ಬರೆಸಿದರು. ಡಿಸೆಂಬರ್ ಪೂರ್ತಿ ಗೋಡೆಯಾಚೆ ಅದೇ ಮೋಹನ. ಸಾಮಾನಿಗೆ ಬಂದವರು, “ಇದು ಯಾವಾಗ ಮುಗೀತದೆ?” ಎಂದು ಕೇಳುತ್ತಿದ್ದರು. ಜನವರಿಯ ಎರಡನೇ ಭಾನುವಾರ ಎಂದು ನಿಖರವಾಗಿ ಹೇಳುತ್ತಿದ್ದೆ.

ಆ ಭಾನುವಾರ ಶಾಲೆಯ ಮೈದಾನದಲ್ಲಿ ಹತ್ತೂವರೆಗೆ ಸಭೆ ಶುರುವಾಯಿತು. ಅತಿಥಿಗಳಲ್ಲಿ ಪ್ರತಿಯೊಬ್ಬರೂ “ಸಮಯದ ಅಭಾವದಿಂದ ಎರಡೇ ಮಾತು” ಎಂದರು. ಆ ಎರಡು ಮಾತನ್ನು ಕಾಲು ಗಂಟೆಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಸಿದವರು ಯಾರೂ ಇಲ್ಲ. ಹವಾಲ್ದಾರರ ತಲೆಗೆ ಪೇಟ ಇಟ್ಟರು, ಅದು ಹುಬ್ಬಿನವರೆಗೆ ಇಳಿಯಿತು. ಶಾಲು ಬಂತು, ಹಾರ ಬಂತು, ಬೇಡವೆಂದಿದ್ದ ಬುಟ್ಟಿಯೂ ಬಂತು. ಅದೆಲ್ಲದರ ಅಡಿಯಲ್ಲಿ ತೊಡೆಯ ಮೇಲೆ ಕ್ಲಾರಿನೆಟ್ಟಿನ ಪೆಟ್ಟಿಗೆ. ಸನ್ಮಾನ ಪತ್ರದಲ್ಲಿ ಅವರನ್ನು ‘ನಾದಯೋಧ’ ಎಂದು ಕರೆದಿದ್ದರು. ಅವರು ಊದಿದ್ದನ್ನು ಯಾವ ಕಾಲಕ್ಕೂ ಕೇಳದ ಒಬ್ಬ ಅತಿಥಿ, ಇಂಥ ನಾದ ಜಿಲ್ಲೆಯಲ್ಲೇ ಇಲ್ಲ ಎಂದು ಹೊಗಳಿದರು.

ಒಂದು ಮುಕ್ಕಾಲಿಗೆ ಲತೇಶ ಮೈಕ್ ಹಿಡಿದು ಧನ್ಯವಾದ ಓದಲು ಎದ್ದ. ಹವಾಲ್ದಾರರು ನನ್ನ ಕಡೆ ನೋಡಿದರು. ಕೇಳುವ ನೋಟವಲ್ಲ, ಮೂರು ಅರ್ಜಿ ವಾಪಸ್ ಬಂದವನು ನಾಲ್ಕನೆಯದನ್ನೂ ವಾಪಸ್ ತೆಗೆದುಕೊಂಡ ಹಾಗೆ. ಒಂದು ಕೈಯಿಂದ ಪೆಟ್ಟಿಗೆಯನ್ನು ಕುರ್ಚಿಯ ಕೆಳಗೆ ಸರಿಸುತ್ತಿದ್ದರು.

ನಾನು ಮೆಟ್ಟಿಲ ಪಕ್ಕಕ್ಕೆ ಹೋಗಿ ಲತೇಶನನ್ನು ಕೈಸನ್ನೆಯಲ್ಲಿ ಕರೆದೆ.

“ಹನ್ನೆರಡು ನಿಮಿಷ ಎಲ್ಲಿ?”

“ಸಮದಣ್ಣ, ಜನಕ್ಕೆ ಹಸಿವು. ಊಟ ಬಿಟ್ಟು ಯಾರು ಕೂತ್ಕೊಳ್ತಾರೆ? ಸಂಜೆ ನೋಡುವ.”

“ಸಂಜೆ ಶಾಮಿಯಾನ ಬಿಚ್ಚುವವರು ಕೇಳ್ತಾರ?”

“ಈಗ ಏನು ಮಾಡ್ಲಿ ಹೇಳಿ.”

“ಏನೂ ಮಾಡ್ಬೇಡ. ಊಟದ ಬಟ್ಟಲುಗಳು ಶಾಲೆಯ ಕೋಣೆಯಲ್ಲುಂಟು. ಬೀಗದ ಕೈ ಸಿಗ್ತಾ ಇಲ್ಲ.”

“ನಿಮ್ಮ ಜೇಬಿನಲ್ಲಿ ಕಾಣ್ತದಲ್ಲ.”

“ಅದು ಅಂಗಡಿಯದ್ದು. ಕೋಣೆಯದ್ದನ್ನು ಹುಡುಕಲಿಕ್ಕೆ ಹನ್ನೆರಡು ನಿಮಿಷ ಬೇಕು.”

ಲತೇಶ ನನ್ನನ್ನೊಮ್ಮೆ, ಆಗಲೇ ಎದ್ದು ಸೊಂಟ ನೇರ ಮಾಡುತ್ತಿದ್ದ ಜನರನ್ನೊಮ್ಮೆ ನೋಡಿದ. ಮೈಕಿಗೆ ಹೋಗಿ, ತಾಂತ್ರಿಕ ಕಾರಣದಿಂದ ಊಟ ಸ್ವಲ್ಪ ತಡವಾಗುತ್ತದೆ, ಅಲ್ಲಿಯವರೆಗೆ ಕ್ಲಾರಿನೆಟ್ ವಾದನ ಎಂದು ಸಾರಿದ. ಎದ್ದವರು ನಿಟ್ಟುಸಿರು ಬಿಟ್ಟು ಕೂತರು. ಊರಿನ ಅರ್ಧ ಜನ ನನ್ನ ಸಮಿತಿಯನ್ನು ಬೈದದ್ದು ನನ್ನ ಕಿವಿಗೇ ಬಿತ್ತು.

ಹವಾಲ್ದಾರರು ಪೇಟ ತೆಗೆದು ಬುಟ್ಟಿಯ ಮೇಲಿಟ್ಟು, ಕೊಳವೆ ಬಾಯಿಗಿಟ್ಟರು. ಮೊದಲ ಎರಡು ನಿಮಿಷ ಮಕ್ಕಳು ಅಳುವುದು, ಕುರ್ಚಿ ಎಳೆಯುವುದು ನಡೆದೇ ಇತ್ತು. ಆಮೇಲೆ ಬೂಟಿನ ಹೆಜ್ಜೆ ಬಂತು, ಹಿಂದಿನ ಸಾಲಿನಲ್ಲಿ ಯಾರೋ ಕಾಲು ತಟ್ಟಿದರು. ನಡುವೆ ಒಂದು ಕಡೆ ಕ್ಲಾರಿನೆಟ್ ಕಿರುಚಿದಾಗ ಹವಾಲ್ದಾರರ ಕಣ್ಣಿನಲ್ಲಿ ನೀರು ಬಂತು. ಅದು ಭಾವದ್ದಲ್ಲ, ವಸಡಿನದ್ದು ಎಂದು ಪ್ರಫುಲ್ಲಕ್ಕನಿಗೂ ನನಗೂ ಗೊತ್ತು. ಅಕ್ಕ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಹವಾಲ್ದಾರರು ನಿಲ್ಲಿಸಲಿಲ್ಲ. ಕೊನೆಯ ಸ್ವರವನ್ನು ಉಸಿರು ಇರುವಷ್ಟೂ ಎಳೆದು, ಬಿಟ್ಟು, ಎದ್ದು ನಿಂತು ಸೆಲ್ಯೂಟ್ ಹೊಡೆದು ಕೂತರು. ಚಪ್ಪಾಳೆ ಬಿತ್ತು. ಎಷ್ಟು ಸಂಗೀತಕ್ಕೆ, ಎಷ್ಟು ಊಟಕ್ಕೆ ಎಂದು ವಿಂಗಡಿಸಲು ನಾನು ಹೋಗಲಿಲ್ಲ. ಬೀಗ ತೆಗೆದೆ.

ಅನ್ನ, ಸಾರು ಮಾತ್ರ ಹಾಕಿಕೊಂಡು ಅವರು ನನ್ನ ಪಕ್ಕ ಬಂದು ನಿಂತರು.

“ಹೇಗಾಯ್ತು?”

“ನಡುವೆ ಒಂದು ಕಡೆ ಕಿರುಚಿತು.”

“ಎರಡು ಕಡೆ,” ಎಂದರು. “ನಿಮಗೆ ಎರಡನೇದು ಗೊತ್ತಾಗಲಿಲ್ಲ.”

ಪ್ರಫುಲ್ಲಕ್ಕ ಹಿಂದಿನಿಂದ, “ನಾಳೆ ಎಂಟೂವರೆಯ ಬಸ್ಸು. ಮತ್ತೆ ಏನಾದರೂ ನೆಪ ಉಂಟಾ?” ಎಂದು ಕೇಳಿದರು.

ಹವಾಲ್ದಾರರು ಅನ್ನವನ್ನು ಮೆಲ್ಲಗೆ ಒಂದೇ ಬದಿಯಲ್ಲಿ ಅಗಿದು ಮುಗಿಸಿದರು.

“ಎಂಟೂವರೆಯದ್ದು ರಶ್. ಏಳೂವರೆಯದ್ದರಲ್ಲಿ ಹೋಗುವ.”